ಮಾವಿನಹಣ್ಣಿನ ಬಣ್ಣದ ಗಿಟಾರ್

ಮೂಡಲಗಿಯಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಬಾವಿ, ಬೋರ್‌ವೆಲ್ಲುಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳನ್ನು ರೈತರು ತಂದು ಹಾಕುತ್ತಿದ್ದರು. ಒಳಗಿನ ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ ಕೊಡಬೇಕು. ಬಾವಿಗಿಳಿದು ಪಂಪು ಎತ್ತುವುದು ನನ್ನ ಯಜಮಾನರ ಪಾಲು, ಸುತ್ತುವುದು ನನ್ನ ಪಾಲು. ಮದುವೆಯಾದ ವರ್ಷ ಅವರ ಕೈಗೆ ಪೆಟ್ಟಾಗಿತ್ತು, ಆಗ ಕಲಿತೆ. ಅವರ ಕೈ ನೆಟ್ಟಗಾದ ಮೇಲೂ ಬಿಡಲಿಲ್ಲ. "ನಿನ್ನ ಸುತ್ತು ನನ್ನಕಿಂತ ಬಿಗಿ ಬೀಳತಾವ" ಎಂದು ಅವರೇ ಸ್ಟೂಲು ಬಿಟ್ಟುಕೊಟ್ಟರು. ಹೆಂಗಸು ಮೋಟಾರು ಸುತ್ತುತ್ತಾಳೆ ಎಂದು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಕಬ್ಬಿಗೆ ನೀರು ಬಿಡುವ ಅವಸರದಲ್ಲಿ ಎಷ್ಟು ದಿನ ಅಂತ ನೋಡಿಯಾರು? ಸುಮ್ಮನಾದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೆಳಗಿನ ಬಸ್ಸಿಗೆ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಅಂಗಡಿಗೆ ಬಂದರು. ತೋಳಿನಲ್ಲಿ ಧೋತರ ಸುತ್ತಿದ ಉದ್ದನೆಯ ಗಂಟು. ಮಲಗಿದ ಕೂಸನ್ನು ಹಿಡಿದಂತೆ ಹಿಡಿದಿದ್ದರು. ಹುಕ್ಕೇರಿಯಿಂದ ಬಂದವರು, ಜವಳಿ ವ್ಯಾಪಾರಿಗಳು, ಜೈನರ ಮನೆತನ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗಲೂ ಗಂಟನ್ನು ಕೆಳಗಿಡಲಿಲ್ಲ ಎಂದು ಆಮೇಲೆ ಹೇಳಿದರು.

"ಸಣ್ಣ ತಂತಿ ಸುತ್ತಾವರು ಇಲ್ಲಿ ಯಾರ ಅದಾರ?" ಎಂದು ಕೇಳಿದರು.

"ನಾನs ರಿ ಕಾಕಾ. ಏನ್ ತಂದೀರಿ?"

ಅವರು ನನ್ನನ್ನೊಮ್ಮೆ ನೋಡಿ, ಕೈಯ ಕಡೆ ನೋಡಿ, ಸಮಾಧಾನವಾದವರಂತೆ ಗಂಟು ಬಿಚ್ಚಿದರು. ಒಳಗೆ ಕರೆಂಟಿನ ಗಿಟಾರು. ಆರ್ಕೆಸ್ಟ್ರಾದವರ ಹತ್ತಿರ ದೂರದಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ಇದರ ಆಕಾರವೂ ಅವುಗಳಂತಿರಲಿಲ್ಲ. ಒಂದು ಭುಜ ದಪ್ಪ, ಇನ್ನೊಂದು ಸಣ್ಣ. ಬಣ್ಣ ಮಾಸಿ ಮಣ್ಣಿನಂತಾಗಿತ್ತು.

"ಇಂಥಾದ್ದು ಇನ್ನೊಂದು ಇಲ್ಲ" ಎಂದರು. "ಇದು ನಮೂನಿ. ಮಿರಜದ ಒಬ್ಬ ವಾದ್ಯದ ವ್ಯಾಪಾರಿ ಇದನ್ನ ಮಾಡಿಸಿದ್ದರು. ಇದು ಸರಿ ಹೋದ್ರ ಇನ್ನಷ್ಟು ಮಾಡಸೂದು ಅಂತ. ಸರಿ ಹೋಗಲಿಲ್ಲ. ಅವರ ಅಟ್ಟದ ಮ್ಯಾಲ ಬಿದ್ದಿತ್ತು, ನಾ ಕೇಳಿ ತಂದ್ನಿ."

ಅವರ ಅಂಗಡಿಯ ಮಹಡಿಯ ಮೇಲೆ ಇಂಥ ಆರು ಗಿಟಾರುಗಳಿದ್ದವು. ಒಂದು ಮುಂಬಯಿಯದು, ಒಂದು ಕಲಕತ್ತೆಯದು, ಎಲ್ಲವೂ ಮೊದಲ ಪ್ರಯತ್ನದವು. ಒಂದನ್ನೂ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಪುಣೆ, ಕೊಲ್ಹಾಪುರಗಳಲ್ಲಿ ಇದೇ ಹುಚ್ಚಿನ ಇಬ್ಬರು ಮೂವರಿದ್ದರು. ತಮ್ಮ ತಮ್ಮ ಗಿಟಾರುಗಳ ಫೋಟೋ ತೆಗೆಸಿ ಟಪಾಲಿನಲ್ಲಿ ಕಳಿಸಿಕೊಳ್ಳುತ್ತಿದ್ದರು.

ನುಡಿಸಲು ಬಾರದವರಿಗೆ ಇದು ಯಾಕೆ ಎಂದು ನಾನು ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನಮ್ಮ ಧಂದೆಯೊಳಗ ಮೊದಲ ಒಂದು ತುಂಡು ನಮೂನಿ ನೇಯತಾರ, ತಂಗಿ. ಗಿರಾಕಿ ಒಪ್ಪಿದ್ರ ಥಾನಗಟ್ಟಲೆ ನೇಯತಾರ. ಒಪ್ಪಲಿಲ್ಲಂದ್ರ ಆ ತುಂಡು ಮೂಲಿಗೆ ಬೀಳತೈತಿ. ನನಗ ಸಣ್ಣಾಂವ ಇದ್ದಾಗಿಂದ ಆ ತುಂಡಿನ ಮ್ಯಾಲ ಜೀವ. ಮಾಡಿದಾಂವ ಅದರಾಗ ಎಷ್ಟು ಆಸೆ ಇಟ್ಟಿರತಾನ! ಒಂದ ಸಲ ಮುಂಬಯಿಯೊಳಗ ಅರಿವಿ ಖರೀದಿಗೆ ಹೋದಾಗ ಇಂಥಾದೊಂದು ಗಿಟಾರ್ ಕಂಡ್ನಿ. ಅಲ್ಲಿಂದ ಶುರು ಆತು ನೋಡು."

ಅವರ ಬೇಡಿಕೆ ಒಂದೇ: ಇದರ ದನಿ ಒಮ್ಮೆ ಕೇಳಬೇಕು. ಆದರೆ ಒಳಗಿನ ಯಾವುದನ್ನೂ ಬದಲಿಸಬಾರದು. "ಹೊಸಾದು ಹಾಕಿದ್ರ ಅದು ನಮೂನಿ ಉಳಿಯಂಗಿಲ್ಲ" ಎಂದರು. ರೇಡಿಯೋ ರಿಪೇರಿಯವರು ಇಬ್ಬರು ಈ ಕರಾರು ಕೇಳಿ ಕೈಮುಗಿದಿದ್ದರಂತೆ.

ನಾನು ಟೇಬಲ್ ಮೇಲೆ ಹಳೆಯ ಸೀರೆ ಹಾಸಿ ಗಿಟಾರನ್ನು ಮಲಗಿಸಿದೆ. ತಂತಿಗಳ ಕೆಳಗೆ ಬೆಂಕಿಪೆಟ್ಟಿಗೆಗಿಂತ ತುಸು ಉದ್ದನೆಯ ಡಬ್ಬಿಯಿತ್ತು. ಅದಕ್ಕೆ ಪಿಕಪ್ ಅನ್ನುತ್ತಾರೆ. ತಂತಿಯ ನಡುಕವನ್ನು ಕರೆಂಟಿಗೆ ತಿರುಗಿಸುವುದು ಅದೇ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೀಟರ್ ಹಚ್ಚಿದೆ. ಮುಳ್ಳು ಅಲುಗಲಿಲ್ಲ. ಎಲ್ಲೋ ಹರಿದಿದೆ ಎಂದರ್ಥ.

ಮೇಲಿನ ತಗಡು ಬಿಚ್ಚಿದಾಗ ಮೊದಲು ಕಂಡದ್ದು ಬಣ್ಣ. ಬಿಸಿಲು, ಧೂಳು ತಾಗದ ಆ ಅಂಗೈಯಗಲ ಜಾಗದಲ್ಲಿ ಗಿಟಾರು ಹೊಸದಾಗಿಯೇ ಇತ್ತು. ಹಳದಿ, ಅದರ ಅಂಚಿಗೆ ಕೆಂಪು, ಎರಡೂ ಕೂಡುವಲ್ಲಿ ಬೆರಳಿನಿಂದ ತೀಡಿದಂಥ ನಸುಗೆಂಪು. ನಾನು ಆ ಬಣ್ಣವನ್ನು ಬಲ್ಲೆ. ಚಿಕ್ಕವಳಿದ್ದಾಗ ನಮ್ಮ ಮನೆಯ ಗೂಡಿನಲ್ಲಿ ಗೋಕಾಕದ ಕಟ್ಟಿಗೆಯ ಹಣ್ಣುಗಳಿದ್ದವು. ಮಾವಿನಹಣ್ಣು ನಿಜವಾದದ್ದೆಂದು ಕಚ್ಚಿ ಹಲ್ಲಿನ ಗುರುತು ಮಾಡಿದ್ದೆ. ಅದೇ ಬಣ್ಣ.

"ಕಾಕಾ, ಇದು ಮಿರಜದಾಗ ಮಾಡಿದ್ದಲ್ಲರಿ. ಗೋಕಾಕದ ಗೊಂಬಿ ಮಾಡಾವರ ಕೈ ಇದು."

ಅವರು ಎದ್ದು ಬಂದು ಬಗ್ಗಿ ನೋಡಿದರು.

ಪಿಕಪ್ಪಿನ ಮೇಲೆ ಸುತ್ತಿದ್ದ ಬಟ್ಟೆಯ ಪಟ್ಟಿಯನ್ನು ಚಿಮಟಿಯಿಂದ ಬಿಡಿಸಿದೆ. ಅದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ನೋಟುಬುಕ್ಕಿನ ಹಾಳೆ, ಪೆನ್ಸಿಲಿನಲ್ಲಿ ಬರೆದದ್ದು. ಕಾಕಾ ಚಷ್ಮಾ ಏರಿಸಿ ಗಟ್ಟಿಯಾಗಿ ಓದಿದರು:

"ಬಿಚ್ಚಿದವರಿಗೆ. ಸುತ್ತು ಚಲೋ ಅದಾವ. ಅವನ್ನ ಮುಟ್ಟಬ್ಯಾಡ್ರಿ. ಗುಂಯ್‌ಗುಡತಿದ್ದದ್ದು ಅರ್ಥಿಂಗ್ ತಂತಿ ಹಾಕೂದು ಬಿಟ್ಟಿದ್ದಕ್ಕ. ಅದು ನನ್ನ ತಪ್ಪು. ಈಗ ಹಾಕೇನಿ."

ಗಿಟಾರಿನ ಹೊಟ್ಟೆಯೊಳಗೆ ನೋಡಿದೆ. ಉಳಿದ ತಂತಿಗಳೆಲ್ಲ ಕಪ್ಪು, ಒಂದು ಮಾತ್ರ ನೀಲಿ. ಅದರ ಬೆಸುಗೆಯೂ ಬೇರೆ, ದಪ್ಪ. ಬರೆದವನು ಹೇಳಿದ್ದು ಖರೆಯೇ ಇತ್ತು. ಮೊದಲು ಬಿಟ್ಟಿದ್ದ ತಂತಿಯನ್ನು ಆಮೇಲೆ ಹಾಕಿದ್ದ.

ಸುತ್ತುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಸಾಲುಸಾಲಾಗಿ ಬಿದ್ದಿರಲಿಲ್ಲ, ಅಲ್ಲಲ್ಲಿ ಏರುತಗ್ಗು ಇತ್ತು. ಆದರೆ ಒಂದು ಕಡೆಯೂ ತಂತಿಯನ್ನು ಜಗ್ಗಿರಲಿಲ್ಲ, ಒಂದು ಕಡೆಯೂ ಸಡಿಲ ಬಿಟ್ಟಿರಲಿಲ್ಲ. ಅಷ್ಟು ತೆಳುವಾದ ತಂತಿಯನ್ನು ಹಾಗೆ ನಡೆಸಿದ ಕೈಯನ್ನು ನೋಡಬೇಕೆಂದು ಆಸೆಯಾಯಿತು. ಹರಿದದ್ದು ಹೊರಗಿನ ಕೊನೆಯಲ್ಲಿ, ಬೆಸುಗೆಯ ಹತ್ತಿರ ಹಸಿರುಗಟ್ಟಿದ್ದಲ್ಲಿ. ಒಂದೇ ಒಂದು ಸುತ್ತು ಬಿಚ್ಚಿ, ತುದಿ ಒರೆಸಿ, ಮತ್ತೆ ಬೆಸೆದೆ. ಮುಳ್ಳು ಎದ್ದಿತು.

ಬಾಜೂ ಮೈಕ್‌ಸೆಟ್ಟಿನ ಅಂಗಡಿಯಿಂದ ಸಣ್ಣ ಆಂಪ್ಲಿಫಾಯರ್ ತಂದು ಹಚ್ಚಿದೆವು. ಕಾಕಾ ಒಂದು ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದರು. ಗುಂಯ್ ಎನ್ನುವ ಶಬ್ದವೇ ಇಲ್ಲ. ದುಂಡಗಿನ, ಮೆತ್ತಗಿನ ದನಿ. ಅವರು ಅದು ಪೂರ್ತಿ ನಿಲ್ಲುವ ತನಕ ಕಾದು ಮತ್ತೆ ಮೀಟಿದರು. ಮೂರನೆಯ ಸಲಕ್ಕೆ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು.

"ನಾಳೆ ಗೋಕಾಕಕ್ಕ ಹೋಗೂಣೇನು ತಂಗಿ?"

ಯಜಮಾನರು ಅಂಗಡಿ ನೋಡಿಕೊಳ್ಳುತ್ತೇನೆಂದರು. ಮರುದಿನ ಕಾಕಾ ಗಿಟಾರು ಹೊತ್ತರು, ನಾನು ಆಂಪ್ಲಿಫಾಯರ್ ಹೊತ್ತೆ. ಗೊಂಬೆ ಮಾಡುವವರ ಓಣಿಯಲ್ಲಿ ಮೊದಲ ಮನೆಯವರೇ ಗುರುತು ಹಿಡಿದರು. "ಇದನ್ನ ಮಾಡಿದಾಂವ ತೀರಕೊಂಡು ನಾಕೈದು ವರ್ಷ ಆತರಿ. ಅವನ ಹೇಂತಿ ಅದಾಳ. ಆ ಮೂಲಿಮನಿ."

ನಾವು ಆಯಿ ಎಂದು ಕರೆದ ಆ ಹಿರಿಯಾಕೆ ಪಡಸಾಲೆಯಲ್ಲಿ ಕೂತು ಕಟ್ಟಿಗೆಯ ಬದನೆಕಾಯಿಗೆ ಬಣ್ಣ ಹಚ್ಚುತ್ತಿದ್ದರು. ಅರವತ್ತು ದಾಟಿದ ಸಣಕಲು ಜೀವ. ಕಾಕಾ ಗಂಟು ಬಿಚ್ಚಿದ್ದೇ ತಡ, ಅವರ ಕೈಯ ಕುಂಚ ನಿಂತಿತು.

"ಇದನ್ನ ಯಾಕ ತಂದ್ರಿ ಇಲ್ಲಿ?" ಎಂದರು. ಸಿಟ್ಟಲ್ಲ, ಹೆದರಿಕೆಯಂಥದ್ದು.

ಕಾಕಾ ತಮ್ಮ ಊರು, ಹುಚ್ಚು ಎಲ್ಲ ಹೇಳಿಕೊಂಡರು. ಆಯಿ ಕೇಳಿದರೋ ಇಲ್ಲವೋ. ಗಿಟಾರನ್ನೇ ನೋಡುತ್ತ ಕೂತಿದ್ದು, ಕೊನೆಗೆ ನನ್ನತ್ತ ತಿರುಗಿ ಮಾತಾಡಿದರು.

"ಇದು ಕೆಟ್ಟದ್ದು ನನ್ನಿಂದ ಯವ್ವಾ. ಕಟ್ಟಿಗಿ ಕೆಲಸ, ಬಣ್ಣ, ಎಲ್ಲಾ ಅವರು ಮಾಡಿದ್ರು. ಆ ತಂತಿ ಸುತ್ತೂದು ಅವರ ದಪ್ಪ ಬೆರಳಿಗೆ ಆಗಲಿಲ್ಲ. ಹರಿದು ಹರಿದು ಬೀಳತಿತ್ತು. ನಾ ಹೊಲಿಗಿ ಮಷೀನಿನ ಗಾಲಿಗೆ ಕಟ್ಟಿ ಸುತ್ತಿದ್ನಿ, ಎಂಟು ದಿನ. ಮಿರಜಕ್ಕ ಒಯ್ದ್ರ ಬರೇ ಗುಂಯ್‌ಗುಡತೈತಿ ಅಂದ್ರಂತ. 'ಯಾವ ಹೆಣ್ಣಮಗಳ ಕಡಿಂದ ಸುತ್ತಿಸೀರಿ' ಅಂತ ನಕ್ಕರಂತ. ಇವರು ಮನಿಗೆ ತಂದು ಏನೋ ಸರಿ ಮಾಡಿ ಮತ್ತ ಒಯ್ದ್ರು. ಅಷ್ಟರಾಗ ಮಿರಜದವರು ಆ ವಿಚಾರನ ಬಿಟ್ಟಿದ್ರು. ಅದೊಂದು ಆಗಿದ್ರ ಇವರ ಕೈಗೆ ದೊಡ್ಡ ಕೆಲಸ ಹತ್ತತಿತ್ತು. ಹಗಲೆಲ್ಲಾ ಗಿಟಾರ್ ಗಿಟಾರ್ ಅಂತಿದ್ದ ಮನಶ್ಯಾ, ಆಮ್ಯಾಲ ಅದರ ಹೆಸರು ತಗಿಲಿಲ್ಲ."

"ಅವರು ನಿಮಗ ಏನೂ ಅನ್ನಲಿಲ್ಲೇನು ಆಯಿ?"

"'ನಿನ್ನ ಸುತ್ತು ಚಲೋ ಇದ್ವು, ನಂದs ತಪ್ಪಿತ್ತು' ಅಂದ್ರು. ಒಂದಲ್ಲ, ಹತ್ತ ಸಲ ಅಂದಾರ. ಸಮಾಧಾನಕ್ಕ ಅನ್ನಾಕತ್ತಾರ ಅಂತ ತಿಳಕೊಂಡ್ನಿ. ಅಷ್ಟು ಚಲೋ ಮನಶ್ಯಾ ಮತ್ತೇನ ಅಂದಾನು? ಅವತ್ತಿಂದ ನಾ ಮಷೀನ ಮುಟ್ಟಲಿಲ್ಲ."

ನಾನು ಕಾಕಾರತ್ತ ನೋಡಿದೆ. ಅವರು ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಆಯಿಗೆ ಕಣ್ಣಿನ ಪೊರೆ ಬಂದಿತ್ತು. ನಾನೇ ಓದಿದೆ. ಮುಗಿದ ಮೇಲೆ ಆಯಿ ಕುಂಚ ಕೆಳಗಿಟ್ಟು ನನ್ನ ಹತ್ತಿರ ಸರಿದರು.

"ಇನ್ನೊಮ್ಮೆ ಓದು."

ಓದಿದೆ. ಆಮೇಲೆ ನನಗೆ ಗೊತ್ತಿದ್ದದ್ದನ್ನೂ ಹೇಳಿದೆ. "ಆಯಿ, ನನ್ನ ಕೆಲಸನೂ ತಂತಿ ಸುತ್ತೂದs ಐತಿ. ನಾ ಕಣ್ಣಾರೆ ನೋಡೇನಿ. ನಿಮ್ಮ ಸುತ್ತಿನೊಳಗ ಏನೂ ತಪ್ಪಿಲ್ಲ. ಇಷ್ಟು ವರ್ಷ ಆದ್ರೂ ಒಳಗ ಒಂದ ಎಳಿ ಹರಿದಿಲ್ಲ. ಅವರು ಬಿಟ್ಟಿದ್ದ ತಂತಿ, ಆಮ್ಯಾಲ ಹಾಕಿದ್ದು, ಅದೂ ಅಲ್ಲೇ ಐತಿ, ನೀಲಿದು."

"ನನಗ ಅಂದದ್ದು ಸಮಾಧಾನಕ್ಕ ಅಂತಿಟ್ಟುಕೋ" ಎಂದು ಆಯಿ ತಮ್ಮಷ್ಟಕ್ಕೇ ಎನ್ನುವಂತೆ ಹೇಳಿದರು. "ಇದನ್ನ ಯಾರೋ ಗೊತ್ತಿಲ್ಲದವರಿಗೆ ಬರದಾರ. ಅವರಿಗ್ಯಾಕ ಸುಳ್ಳ ಹೇಳತಾರ?"

ಹೇಳಿದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಾಕಾ ಎದ್ದು ಅಂಗಳಕ್ಕೆ ಹೋದರು. ನಾನು ಆಯಿಯ ಬೆನ್ನ ಮೇಲೆ ಕೈಯಿಟ್ಟು ಕೂತೆ. ಅಳು ನಿಂತ ಮೇಲೆ ಅವರಾಗಿಯೇ ಕೇಳಿದರು, "ಅದು ಈಗ ನುಡಿಯತೈತೇನು?"

ಅವರು ಅದರ ದನಿಯನ್ನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ತಿಂಗಳುಗಟ್ಟಲೆ ದುಡಿದು ಮಾಡಿದ ಗಿಟಾರಿಗೆ ಹಚ್ಚಲು ಆಂಪ್ಲಿಫಾಯರ್ ಇರಲಿಲ್ಲ. ಕೇಳಿದ್ದೇನಿದ್ದರೂ ಮಿರಜದವರು. ನಾನು ವೈರು ಜೋಡಿಸಿ, ಗಿಟಾರನ್ನು ಅವರ ತೊಡೆಯ ಮೇಲಿಟ್ಟೆ. ಬದನೆಕಾಯಿಯ ಬಣ್ಣ ಮೆತ್ತಿದ್ದ ಬೆರಳನ್ನು ಆಯಿ ಸೀರೆಗೆ ಒರೆಸಿಕೊಂಡು ತಂತಿ ಮೀಟಿದರು. ದನಿ ಬಂದೊಡನೆ ಬೆಚ್ಚಿ ಕೈ ತೆಗೆದರು. ಆಮೇಲೆ ನಕ್ಕರು. ಒಂದೊಂದೇ ತಂತಿಯನ್ನು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎಷ್ಟು ಸಲ ಮೀಟಿದರೋ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. "ನೋಡ್ರೆ, ನಾ ಸುತ್ತಿದ್ದು" ಎಂದು ಆಯಿ ಅವರಿಗೆ ಹೇಳಿದರು.

ಹೊರಡುವಾಗ ಕಾಕಾ ಗಿಟಾರನ್ನು ಅಲ್ಲೇ ಬಿಡಲು ಮುಂದಾದರು. ಆಯಿ ಒಪ್ಪಲಿಲ್ಲ. "ನನ್ನ ಮನ್ಯಾಗ ಇದ್ದಿದ್ರ ಇಷ್ಟೊತ್ತಿಗೆ ಒಲಿಗೆ ಹೋಗತಿತ್ತರಿ ಅಣ್ಣಾರ. ನೀವು ಜ್ವಾಕಿ ಮಾಡೀರಿ, ನಿಮ್ಮ ಕಡೆನ ಇರಲಿ." ಹಾಗೆಂದವರು ಚೀಟಿಯ ಕಡೆ ನೋಡುತ್ತಲೇ ಇದ್ದರು, ಕೇಳಲಿಲ್ಲ. ಕಾಕಾರಿಗೆ ಅದು ಕಾಣಿಸಿತು. ಅವರ ಮುಖ ಸಣ್ಣದಾದದ್ದು ನನಗೆ ಕಾಣಿಸಿತು. ಹಿಂದಿನ ದಿನವಷ್ಟೇ ಆ ಚೀಟಿಯನ್ನು ಹಿಡಿದು, "ಯಾವ ನಮೂನಿಯೊಳಗೂ ಮಾಡಿದಾಂವ ಬರದಿಟ್ಟ ಇಂಥ ಪುರಾವೆ ಸಿಕ್ಕಿಲ್ಲ. ಪುಣೆಯವರು ನೋಡಿದ್ರ ಎದಿ ಒಡಕೋತಾರ" ಎಂದು ಹಿಗ್ಗಿದ್ದರು. ಮೆಟ್ಟಿಲಿಳಿದವರು ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಕವರು ಸಮೇತ ಚೀಟಿಯನ್ನು ಆಯಿಯ ಕೈಯಲ್ಲಿಟ್ಟರು.

ವಾಪಸು ಬಸ್ಸಿನಲ್ಲಿ ಅವರು ಒಂದೇ ಮಾತಾಡಿದರು: "ಸ್ವಲ್ಪ ಸಂಕಟ ಆತು ತಂಗಿ. ಸುಳ್ಳ ಹೇಳಂಗಿಲ್ಲ."

ಮುಂದೆ ಪುಣೆಯ ಗೆಳೆಯರು ಹುಕ್ಕೇರಿಗೆ ಬಂದಾಗ, ಇದು ಮೊದಲ ಪ್ರಯತ್ನದ್ದೆನ್ನಲು ಆಧಾರವೇನು ಎಂದು ಕೇಳಿದರಂತೆ. "ಗೋಕಾಕದಾಗ ಐತಿ, ಬೇಕಾದ್ರ ಹೋಗಿ ಆಯಿನ್ನ ಕೇಳ್ರಿ" ಎಂದರಂತೆ ಕಾಕಾ. ಅವರು ನಿಜವಾಗಿಯೂ ಹೋದರು. ಆಯಿ ಅವರಿಗೆ ಚಹಾ ಕೊಟ್ಟು, ಚೀಟಿ ತೋರಿಸಿ, ತಮ್ಮ ಗಂಡನ ವಿಷಯ ಮಧ್ಯಾಹ್ನವೆಲ್ಲ ಹೇಳಿದರು.

ಒಂದು ವರ್ಷದ ಮೇಲೆ ಕಾಕಾ ಇನ್ನೊಂದು ಗಿಟಾರು ತಂದರು. ಅದರ ಪಿಕಪ್ಪು ಪೂರ್ತಿ ಸತ್ತಿತ್ತು, ಈ ಸಲ ಹೊಸದಾಗಿ ಸುತ್ತದೆ ಗತಿಯಿರಲಿಲ್ಲ. ಬಹಳ ಯೋಚಿಸಿ ಅವರೇ ಒಪ್ಪಿದರು. ನಾನು ಗೋಕಾಕಕ್ಕೆ ಹೇಳಿ ಕಳಿಸಿದೆ. ಅಷ್ಟರಲ್ಲಿ ಆಯಿಯ ಪೊರೆ ತೆಗೆಸಿಯಾಗಿತ್ತು. ದಪ್ಪ ಚಷ್ಮಾ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಬಂದು ಮೂರು ದಿನ ನಮ್ಮ ಮನೆಯಲ್ಲೇ ಉಳಿದರು. ನನ್ನ ಹೊಲಿಗೆ ಮಷೀನಿನ ಮುಂದೆ ಕೂತು ಸುತ್ತಿದರು. ನಾನು ಬಾಜೂ ಕೂತು ಲೆಕ್ಕ ಹಿಡಿದೆ. ಮೊದಲ ದಿನ ಎರಡು ಸಲ ಎಳೆ ಹರಿಯಿತು. ಮರುದಿನ ಒಮ್ಮೆಯೂ ಹರಿಯಲಿಲ್ಲ. ಕೈ ದಾರಿ ಹಿಡಿದ ಮೇಲೆ ಮಾತೂ ಶುರುವಾಯಿತು. ತವರಿನದು, ಬಣ್ಣ ಕಲೆಸುವುದರದು, ಸೊಸೆಯದು. ಎಣಿಕೆ ತಪ್ಪುತ್ತದೆ, ಸುಮ್ಮನಿರಿ ಎಂದು ನಾನೇ ಬೇಡಿಕೊಳ್ಳಬೇಕಾಯಿತು.

ಮೂರನೆಯ ದಿನ ಯಜಮಾನರು ಮೇಳವಂಕಿಯಲ್ಲಿ ಬಾವಿಗಿಳಿದು ಬಂದವರು, ಮೈಯೆಲ್ಲ ರಾಡಿ, ಬಾಗಿಲಲ್ಲೇ ನಿಂತು ಆಯಿಯ ಕೈ ನೋಡಿದರು.

"ಆಯಿ, ನಮ್ಮ ಅಂಗಡ್ಯಾಗ ಕೆಲಸಕ್ಕ ನಿಲ್ಲತೀರೇನ್ರಿ?"

"ನಿನ್ನ ಹೇಂತಿ ಒಪ್ಪಿದ್ರ ನಿಲ್ಲತೇನಪ್ಪ" ಎಂದರು ಆಯಿ, ಗಾಲಿಯಿಂದ ಕಣ್ಣು ತೆಗೆಯದೆ. "ಈಗ ಮೊದಲ ಆ ರಾಡಿ ಕಾಲು ತೊಳಕೋ, ತಂತಿಗೆ ಮಣ್ಣ ಹತ್ತತೈತಿ."