ಮಾತ್ರೆ ಹಿಡಿದದ್ದು

ಭದ್ರಾವತಿ ಹಳೇನಗರದ ರಾಮಚಂದ್ರಪ್ಪನವರು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ತಲೆ ನರೆಸಿಕೊಂಡವರು. ಅವರಿಗೆ ಗೊತ್ತಿದ್ದದ್ದು ಆ ಕೆಲಸವೊಂದೇ, ಬೇಕಾಗಿದ್ದದ್ದೂ ಅದೊಂದೇ.

ರಕ್ತದೊತ್ತಡ ಹೆಚ್ಚಿದೆಯೆಂದು ಊರಿನ ವೈದ್ಯರು ಕೊಟ್ಟ ಮೊದಲ ಮಾತ್ರೆಗೆ ಕಾಲು ಬಾತುಕೊಂಡವು. ಬದಲಿಸಿ ಬೇರೆಯದನ್ನು ಕೊಟ್ಟರು. ಅದನ್ನು ನುಂಗತೊಡಗಿದ ಮೇಲೆ ಕೈಕಾಲು ತಣ್ಣಗಾದವು. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ಮನಸ್ಸೂ ಮರಗಟ್ಟಿತು. ಯಾರು ಬಂದರೂ ಒಂದೇ, ಹೋದರೂ ಒಂದೇ. ಒಂದು ಮಧ್ಯಾಹ್ನ ತಿರುಗುವ ಯಂತ್ರದ ಮೇಲೆಯೇ ವಾಲಿದಾಗ ಮಾಲೀಕರಾದ ವೆಂಕಟಾಚಲ ಓಡಿಬಂದು ಸ್ವಿಚ್ಚು ಆರಿಸಿದರು.

“ರಾಮಣ್ಣ, ಕೈ ಹೋದ್ರೆ ನಾನೇನು ಹೊಸಾ ಕೈ ಕಡೆದು ಕೊಡ್ಲಾ? ಡಾಕ್ಟ್ರು ಸರಿ ಅನ್ನೋವರೆಗೂ ಮಿಷನ್ ಮುಟ್ಬೇಡಿ ಮಾರಾಯ್ರೇ.”

ರಾಮಚಂದ್ರಪ್ಪನವರಿಗೆ ದುಃಖವಾಗಬೇಕಾಗಿತ್ತು, ಆಗಲಿಲ್ಲ.

ಊರಿನ ವೈದ್ಯರು ಕೇಳಿದರು: “ಹೆಂಗೆ, ಮಾತ್ರೆ ಹಿಡೀತಾ?”

“ಹಿಡಿದುಬಿಟ್ಟಿದೆ ಸಾರ್.”

ನೋಡಿದರೆ ಒತ್ತಡವೂ ಇಳಿದಿತ್ತು. ವೈದ್ಯರು ಸಂತೋಷಪಟ್ಟು ಅದೇ ಮಾತ್ರೆಯನ್ನು ಮುಂದುವರಿಸಿದರು. ಮರುತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ.

ಕೊನೆಗೆ ಹೆಂಡತಿ ಶಾಂತಮ್ಮನೇ ಗಂಡನನ್ನು ಶಿವಮೊಗ್ಗದ ಬಸ್ಸು ಹತ್ತಿಸಿ ತಾವೂ ಜೊತೆಗೆ ಹೊರಟರು. ಅಲ್ಲಿನ ಆಲ್ಕೊಳ ಬಡಾವಣೆಯಲ್ಲಿ ಮೇಧಾ ಎಂಬ ಹೃದಯತಜ್ಞೆ ಇದ್ದರು. ಅವರೂ ಮಾತ್ರೆ ಹಿಡಿಯಿತೇ ಎಂದು ಕೇಳಿದರು, ಇವರೂ ಹಿಡಿದಿದೆಯೆಂದರು. ಮೇಧಾ ಬರೆಯಲು ಪೆನ್ನು ಎತ್ತಿದಾಗ ಶಾಂತಮ್ಮ ತಡೆದರು.

“ಮೇಡಂ, ಇವ್ರು ಹಿಡಿದಿದೆ ಅಂದ್ರೆ ಗುಣ ಆಗಿದೆ ಅಂತಲ್ಲ. ಬೇರಿಂಗ್ ಸಿಕ್ಕಾಕ್ಕೊಂಡು ತಿರುಗದೆ ನಿಂತ್ರೆ ಅವ್ರ ವರ್ಕ್‌ಶಾಪಲ್ಲಿ ಹಿಡಿದಿದೆ ಅಂತಾರೆ. ಇದು ಆ ಹಿಡಿಯೋದು.”

“ಹೌದೇನ್ರೀ?”

“ಹೌದು,” ಎಂದರು ರಾಮಚಂದ್ರಪ್ಪನವರು. “ನಾನು ಹೇಳ್ತಾನೇ ಇದೀನಿ. ಎಲ್ಲಾರೂ ಒಳ್ಳೇದಾಯ್ತು ಅಂತಾರೆ.”

“ಮೊದ್ಲು ಸಾರಿಗೆ ಉಪ್ಪು ಕಮ್ಮಿಯಾದ್ರೆ ತಟ್ಟೆ ದೂಡ್ತಿದ್ರು. ಈಗ ಹಾಕೋದೇ ಮರೆತ್ರೂ ಉಂಡು ಎದ್ದು ಹೋಗ್ತಾರೆ. ಜಗಳ ಆಡೋಕೂ ನಂಗೆ ಜನ ಇಲ್ಲ.”

“ಉಪ್ಪಿಲ್ಲದ್ದು ಬೀಪಿಗೆ ಒಳ್ಳೇದೇ ಬಿಡಿ,” ಎಂದು ನಗುತ್ತ ಮೇಧಾ ನಾಡಿ ನೋಡಿದರು. ನಗು ಅಲ್ಲಿಗೇ ನಿಂತಿತು. ನಾಡಿ ತೀರ ನಿಧಾನವಾಗಿತ್ತು.

ಇಸಿಜಿ ತೆಗೆಸಿ, ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ, ಮಾತ್ರೆಯ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ ಬಂದರು. ವರದಿ ಬಂದ ಮೇಲೆ ಬಿಡಿಸಿ ಹೇಳಿದರು.

“ಈ ಮಾತ್ರೆ ಅರಗಿಸೋ ಶಕ್ತಿ ನಿಮ್ಮ ಲಿವರ್‌ಗೆ ಹುಟ್ಟಿನಿಂದಲೇ ಕಮ್ಮಿ. ಇವತ್ತಿಂದು ಖಾಲಿಯಾಗೋದ್ರೊಳಗೆ ನಾಳೆದು ಬಂದು ಸೇರ್ಕೊಳ್ತಿತ್ತು. ಅದಕ್ಕೇ ಮೈ ಹಂಗಾಗಿದ್ದು. ಬೇರೆ ಜಾತಿದು ಕೊಡ್ತೀನಿ. ಅದು ಮೂತ್ರದಲ್ಲಿ ಹೋಗುತ್ತೆ, ಲಿವರ್‌ಗೆ ಕೆಲಸ ಇಲ್ಲ.”

ಹೊಸ ಮಾತ್ರೆಯಿಂದ ಒತ್ತಡ ಹದಕ್ಕೆ ಬಂತು, ನಾಡಿಯೂ ಸರಿಹೋಯಿತು. ಕೆಲಸ ಮಾಡಬಹುದೆಂದು ಮೇಧಾ ಒಪ್ಪಿದರು.

ವೆಂಕಟಾಚಲ ಒಂದು ಸರಳನ್ನು ಕೊಟ್ಟು ಪಕ್ಕದಲ್ಲಿಯೇ ನಿಂತರು. ರಾಮಚಂದ್ರಪ್ಪನವರು ಕಡೆದರು. ತಲೆ ಸುತ್ತಲಿಲ್ಲ, ಕೈ ತಪ್ಪಲಿಲ್ಲ. ಅಳತೆ ಸರಿಯಾಗಿತ್ತು.

“ಈಗ ಖುಷಿಯೇನ್ರೀ ರಾಮಣ್ಣ?”

ಅವರು ತಮ್ಮೊಳಗೆ ಹುಡುಕಿ ನೋಡಿದರು. ಅಂಥದ್ದೇನೂ ಇನ್ನೂ ಸಿಗಲಿಲ್ಲ.

“ಗೊತ್ತಾಗ್ತಿಲ್ಲ,” ಎಂದರು. “ಇನ್ನೊಂದು ಕೊಡಿ.”