ಮಾದರಿಗೆ ಹೋದ ನನ್ನ ಸೀಸೆ

ಕೇಳಿ ಸ್ನೇಹಿತರೇ, ತಿಪಟೂರಿನ ಸಕ್ಕರೆ ಕಾಯಿಲೆ ಶಿಬಿರದಲ್ಲಿ ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು ಇವತ್ತು ನನ್ನ ಮೂತ್ರವನ್ನು ತಮ್ಮ ಹೆಸರಿನಲ್ಲಿ ಕೊಟ್ಟು ಬಂದಿದ್ದಾರೆ. "ಹೆಂಗಸರದ್ದೂ ನೋಡ್ತಾರಂತೆ, ಸೀಸೇಲಿ ಕೊಡು" ಎಂದು ಬೆಳಗ್ಗೆ ಕೇಳಿದಾಗ ನಂಬಿ ಕೊಟ್ಟಿದ್ದೆ.

ಡಾಕ್ಟರು ನೀಲಿ ಔಷಧಿಗೆ ಅದರ ಹನಿ ಬಿಟ್ಟು ಕಾಯಿಸಿದರಂತೆ. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ನನ್ನದು ಇಟ್ಟಿಗೆ ಬಣ್ಣಕ್ಕೆ ತಿರುಗಿತಂತೆ. ಬೈಸಿಕೊಂಡವರು ಮಾತ್ರ ಅವರು.

ಮನೆಗೆ ಬಂದು ಜಗಲಿಯ ಮೇಲೆ ಕೂತವರೇ, "ಇನ್ಮೇಲೆ ನೀನು ಸಿಹಿ ಮುಟ್ಬ್ಯಾಡ ಕಣೇ. ದಿನಾ ಕೆರೆ ಏರಿ ಮೇಲೆ ನಡೀಬೇಕಂತೆ" ಎಂದರು. ಆಗ ವಿಷಯ ಹೊರಬಿತ್ತು.

"ನಿಮ್ದು ಯಾಕ್ರೀ ಕೊಡ್ಲಿಲ್ಲ?" ಎಂದೆ.

"ನಂದು ಕೊಟ್ರೆ ಹೋಳಿಗೆ ಬುಡು ಅಂತಾರೆ. ನೀನು ಗಟ್ಟಿಮುಟ್ಟಾಗಿದ್ದೀಯಲ್ಲ ಅಂತ ನಿಂದು ಕೊಟ್ಟೆ. ಮಂಡೀಲಿ ಮಾದರಿ ತೋರ್ಸುವಾಗ ಯಾರಾದ್ರೂ ಕೆಟ್ಟ ಕೊಬ್ಬರಿ ಇಡ್ತಾರೇನೇ?"

ನಾಳೆ ಇಬ್ಬರೂ ಶಿಬಿರಕ್ಕೆ ಹೋಗುತ್ತಿದ್ದೇವೆ. ಎರಡೂ ಸೀಸೆ ನನ್ನ ಕೈಚೀಲದಲ್ಲೇ ಇರುತ್ತವೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನನ್ನು ಒಳ್ಳೆ ಕೊಬ್ಬರಿಯ ಸಾಲಿಗೆ ಸೇರಿಸಿದ್ದು ಇವತ್ತೇ ಮೊದಲು. ಅದನ್ನೂ ಡಾಕ್ಟರು ತಿರಸ್ಕರಿಸಿ ಕಳಿಸಿದರು.