ಏಳು ಹಾಳೆಯ ಕೊಳೆ

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ, ಕೊಳ್ಳೇಗಾಲದ ನಮ್ಮ ಬಡಾವಣೆಯ ವಾಚನಾಲಯ. ಹಾಜರಿದ್ದವರು ಮೂವರು: ನಿವೃತ್ತಿಯ ಮೇಲೆ ಇದನ್ನು ನಡೆಸುವ ನಾನು, ಪುಸ್ತಕ ಕೊಟ್ಟು ರಿಜಿಸ್ಟರ್ ಬರೆಯುವ ಮಾದೇವಮ್ಮ, ಹನೂರಿನಿಂದ ಬಸ್ಸಿನಲ್ಲಿ ಬಂದಿದ್ದ ಪಿಯುಸಿ ಹುಡುಗಿ ಚಂದನಾ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ನಾಲ್ಕು ವರ್ಷ ಸ್ಟಾಫ್ ನರ್ಸ್ ಆಗಿದ್ದ ನನಗೆ ದಿನ, ವೇಳೆ, ಹಾಜರಿ ಬರೆಯದೆ ಯಾವುದನ್ನೂ ಶುರು ಮಾಡಲು ಬರುವುದಿಲ್ಲ. ಹಿಂದಿನ ಕೋಣೆಯಲ್ಲಿ ಮಾದೇವಮ್ಮ ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸಲು ಮೈದಾ ಅಂಟು ಕುದಿಸುತ್ತಿದ್ದಳು. ಹುಳ ಬೀಳದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದಳು. ಬೆಂದ ಹಿಟ್ಟು, ತಾಮ್ರ, ಒದ್ದೆ ಕಾಗದ ಎಲ್ಲ ಸೇರಿದ ಆ ವಾಸನೆ ನನಗೆ ಒಬ್ಬರದೇ ವಾಸನೆ...

ಬಂದಿದ್ದ ಹೊಸ ಪುಸ್ತಕಗಳು ಹದಿನೆಂಟು. ಎಲ್ಲವೂ ಹದಿಹರೆಯದವರಿಗಂತೆ. ಕೆಲವನ್ನು ಹದಿಹರೆಯದವರೇ ಬರೆದಿದ್ದಾರಂತೆ. ಪ್ರತಿಯೊಂದರ ಕೊನೆಯ ಪುಟದಲ್ಲೂ ಒಂದು ಕರೆ: ನೀವೂ ಬರೆಯಿರಿ, ಕಳಿಸಿ, ಆಯ್ಕೆಯಾದವರಿಗೆ ಪ್ರಮಾಣಪತ್ರ. ಇಂಥ ಕರೆಗಳನ್ನು ನಾನು ಎರಡು ಸಲ ಓದುತ್ತೇನೆ. ಕರೆಯುವವರು ಯಾರು, ಅಚ್ಚಾದ ಮೇಲೆ ಪುಸ್ತಕ ಯಾರ ಕೈಗೆ ಹೋಗುತ್ತದೆ, ಎಂಬುದು ಅದರಲ್ಲಿ ಎಲ್ಲೂ ಇರುವುದಿಲ್ಲ.

ಚಂದನಾಳ ಒಂದು ಕತೆ ಹಾಗೆ ಕಳೆದ ವರ್ಷ ಅಚ್ಚಾಗಿತ್ತು. ಆ ಪುಸ್ತಕ ನಮ್ಮಲ್ಲಿದೆ. ಅದೇ ಪ್ರಕಾಶಕರ ಮುಂದಿನ ಪುಸ್ತಕಕ್ಕೆ ಕತೆ ಕಳಿಸಲು ಇಂದು ಸಂಜೆ ಆರು ಕೊನೆಯ ವೇಳೆ. ಕತೆ ಅವಳ ಫೋನಿನಲ್ಲಿ ಮುಕ್ಕಾಲು ಸಿದ್ಧವಿತ್ತು. ಕಳಿಸುವುದೋ ಬೇಡವೋ ಎಂದು ಅವಳು ನಿರ್ಧರಿಸಿರಲಿಲ್ಲ. ರಿಜಿಸ್ಟರ್ ತೆಗೆದು ತನ್ನ ಪುಸ್ತಕ ಒಯ್ದವರ ಸಾಲು ಹುಡುಕಿದಳು. ನಾಲ್ಕು ಹೆಸರಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು.

"ಅಜ್ಜಿ, ನಾಲ್ಕೂ ಒಂದೇ ಕೈಬರಹ."

"ಮಾದೇವಮ್ಮ ಬರೆಯೋದು. ಒಂದೇ ಇರತ್ತೆ."

"ನಂಗೆ ಬೇಜಾರಾಗ್ದೆ ಇರ್ಲಿ ಅಂತ ನೀವೇ ಬರೆಸಿದ್ದೀರ ತಾನೆ?"

ಇದೇ ಪ್ರಶ್ನೆಯನ್ನು, ಇವಳಷ್ಟೇ ವಯಸ್ಸಿನಲ್ಲಿ, ನಾನು ಒಬ್ಬರನ್ನು ಕೇಳಿದ್ದೆ.

ಅವರು ಯಳಂದೂರಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಎಲ್ಲರಿಗೂ ಬೈಂಡಿಂಗ್ ಮಾವ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಕೋಣೆ. ನಾನು ಹೊನ್ನೂರಿನವಳು. ಕಾಲೇಜು ನಾಲ್ಕಕ್ಕೆ ಬಿಟ್ಟರೆ ನನ್ನ ಬಸ್ಸು ಐದೂಕಾಲಿಗೆ. ಆ ಒಂದು ಗಂಟೆ ಅವರ ಅಂಗಡಿಯ ಹೊಸ್ತಿಲ ಒಳಗೆ, ರಟ್ಟುಗಳ ಕಟ್ಟಿನ ಮೇಲೆ ಕೂರುತ್ತಿದ್ದೆ. ಹೊಲಿಯುವ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಬಲಗೈ ಹೆಬ್ಬೆರಳು ಅಂಟು, ಶಾಯಿ, ಮೈಲುತುತ್ತ ಹಿಡಿದು ನೀಲಿಗಪ್ಪು ಬಣ್ಣಕ್ಕೆ ತಿರುಗಿತ್ತು.

ಅವರು ಯಾರನ್ನೂ ನಂಬುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಜವಾನ ರಿಜಿಸ್ಟರ್ ತಂದರೆ ಅವನೆದುರೇ ಹಾಳೆ ಎಣಿಸುತ್ತಿದ್ದರು, ಕೊಡುವಾಗ ಮತ್ತೆ ಎಣಿಸುತ್ತಿದ್ದರು. "ನಾಳೆ ಹಾಳೆ ಕಾಣ್ನಿಲ್ಲ ಅಂದ್ಗಿಂದೀಯೆ," ಎನ್ನುತ್ತಿದ್ದರು. ಜವಾನ ನಗುತ್ತಿದ್ದ. ಅವರು ನಗುತ್ತಿರಲಿಲ್ಲ.

ಗ್ರಂಥಾಲಯದ ಹರಿದ ಪುಸ್ತಕಗಳೂ ಅವರಲ್ಲಿಗೇ ಬರುತ್ತಿದ್ದವು. ಹೊಸದಾಗಿ ಹೊಲಿದು, ರಟ್ಟು ಹಾಕಿ, ಕೊನೆಗೆ ಕಟಿಂಗ್ ಮೆಷಿನ್ನಿನಲ್ಲಿ ಮೂರೂ ಬದಿ ಸವರಿದರೆ ಪುಸ್ತಕ ಹೊಸದರಂತೆ ಕಾಣುತ್ತಿತ್ತು. ಸವರುವ ಮುಂಚೆ ಅವರದೊಂದು ಅಭ್ಯಾಸ. ಪುಸ್ತಕವನ್ನು ಮುಚ್ಚಿ ಹಿಡಿದು ಅಂಚನ್ನು ಬಾಗಿಲ ಬೆಳಕಿಗೆ ತಿರುಗಿಸುತ್ತಿದ್ದರು. ಬೆರಳು ತಾಗಿ ತಾಗಿ ಓದಿದ ಹಾಳೆಗಳ ಅಂಚು ಮಾಸಿ ಕಪ್ಪಾಗಿರುತ್ತದೆ, ಓದದ ಹಾಳೆಗಳದು ಬಿಳಿ. ಯಾವ ಪುಸ್ತಕವನ್ನು ಊರು ಎಲ್ಲಿಯವರೆಗೆ ಓದಿದೆ ಎಂದು ಅವರಿಗೆ ಒಂದು ನೋಟಕ್ಕೆ ತಿಳಿಯುತ್ತಿತ್ತು.

"ನೋಡ್ ಮಗಾ, ಇಷ್ಟು ದಪ್ಪ ಪುಸ್ತಕ. ಇಪ್ಪತ್ನೇ ಪುಟಕ್ಕೇ ಎಲ್ಲಾರೂ ಇಳ್ಕಂಡವ್ರೆ."

ಆ ವರ್ಷ ಕಾಲೇಜಿನ ಬೋರ್ಡಿನಲ್ಲಿ ಒಂದು ಕರೆ ಹಾಕಿದ್ದರು. ವಿದ್ಯಾರ್ಥಿಗಳ ಕತೆಗಳ ಪುಸ್ತಕ ಬರುತ್ತದೆ, ಬರೆದು ಕಳಿಸಿ ಎಂದು. ಶಾಲೆ ಬಿಟ್ಟು ಗದ್ದೆಗೆ ಬುತ್ತಿ ಒಯ್ಯುವ ನನ್ನ ಚಿಕ್ಕಪ್ಪನ ಮಗಳ ಬಗ್ಗೆ ಬರೆದು ಕಳಿಸಿದೆ. ಆಯ್ಕೆಯಾಯಿತು. ಮಾವನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಯಾರು ಮಗಾ ಅವ್ರು? ಮಕ ನೋಡಿದ್ದೀಯಾ?"

ಪುಸ್ತಕ ಬಂತು. ನನ್ನ ಕತೆ ನಡುವಿನಲ್ಲಿ, ಹದಿನಾಲ್ಕು ಪುಟ, ಅಂದರೆ ಏಳು ಹಾಳೆ. ಅವರ ಕೈಗೆ ಕೊಟ್ಟೆ. ತೂಗಿ ನೋಡಿದರು, ಬೆನ್ನು ಬಗ್ಗಿಸಿ ನೋಡಿದರು. "ಹೊಲ್ಗೆ ಇಲ್ಲ, ಪಿನ್ನು ಹೊಡ್ದವ್ರೆ. ವರ್ಸ ತಡ್ಯಾಕಿಲ್ಲ," ಎಂದರು. ಆಮೇಲೆ, ನನ್ನ ಮುಖ ನೋಡದೆ, "ಬರ್ದ ಮಕ್ಕಳೆಲ್ಲ ತಂತಮ್ ಹೆಸ್ರು ನೋಡ್ಕಂಡು ಮಡಗ್ತವೆ. ಮಿಕ್ಕಿದ್ದ ಯಾರ್ ಓದರು?" ಎಂದರು.

ಸಿಟ್ಟು ಬಂತು. ಆದರೆ ನಾನೂ ಆ ಪುಸ್ತಕದಲ್ಲಿ ನನ್ನ ಕತೆಯನ್ನು ಬಿಟ್ಟು ಬೇರೆ ಯಾವುದನ್ನೂ ಓದಿರಲಿಲ್ಲ. ಅಂದಿನಿಂದ ಯಾರಾದರೂ "ನಿನ್ನ ಕತೆ ಚೆನ್ನಾಗಿತ್ತು" ಎಂದರೆ, ಇವರು ಓದಿಲ್ಲ, ಹೆಸರು ಮಾತ್ರ ನೋಡಿದ್ದಾರೆ ಎಂದೇ ಅನಿಸತೊಡಗಿತು. ಎಲ್ಲಿ ಚೆನ್ನಾಗಿತ್ತು ಎಂದು ಒಬ್ಬ ಉಪನ್ಯಾಸಕರನ್ನು ಕೇಳಿಯೂ ಬಿಟ್ಟೆ. ಅವರು ಕೆಮ್ಮಿದರು.

ಮರುವರ್ಷ ಅದೇ ಸಂಪಾದಕರ ಕಾರ್ಡು ಬಂತು. ಎರಡನೆಯ ಪುಸ್ತಕ ಮಾಡುತ್ತಿದ್ದೇವೆ, ಒಂದು ತಿಂಗಳೊಳಗೆ ಇನ್ನೊಂದು ಕತೆ ಕಳಿಸಿ ಎಂದು. ಕಾರ್ಡನ್ನು ಮಾವನಿಗೆ ತೋರಿಸಿ, ಕಳಿಸುವುದಿಲ್ಲ ಎಂದೆ. ಯಾರೂ ಓದದ್ದನ್ನು ಬರೆದು ಏನಾಗಬೇಕು ಎಂದೆ. ಅವರು ಹೊಲಿಗೆಯ ದಾರ ಎಳೆದು ಬಿಗಿದರು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ನಾನು ಹೊಸ್ತಿಲು ದಾಟುವ ಮುಂಚೆಯೇ ಕರೆದರು. ಗ್ರಂಥಾಲಯದಿಂದ ಬಂದ ಕಟ್ಟಿನಲ್ಲಿ ನಮ್ಮ ಆ ವಿದ್ಯಾರ್ಥಿಗಳ ಪುಸ್ತಕ ಇತ್ತು. ಪಿನ್ನು ಕಿತ್ತುಬಂದಿತ್ತು, ಅವರು ಹೇಳಿದ್ದಂತೆಯೇ. ಹೊಲಿದಾಗಿತ್ತು, ಸವರಿರಲಿಲ್ಲ.

"ಕಟ್ ಮಾಡಾಕ್ ಮುಂಚೆ ನಿಂಗೆ ತೋರ್ಸನ ಅಂತ ಮಡಗಿದ್ದೆ," ಎಂದು ಅಂಚನ್ನು ಬೆಳಕಿಗೆ ತಿರುಗಿಸಿದರು.

ಎಲ್ಲ ಬಿಳಿ. ನಡುವೆ ಮಾತ್ರ ಒಂದು ಕಪ್ಪು ಗೆರೆ. ಉಗುರಿನಿಂದ ಬಿಡಿಸಿ ನೋಡಿದೆ. ನನ್ನ ಏಳು ಹಾಳೆ.

ಮೊದಲು ಹಿಗ್ಗಾಯಿತು. ಆಮೇಲೆ ನನ್ನ ಕಣ್ಣು ಅವರ ಹೆಬ್ಬೆರಳಿನ ಮೇಲೆ ಹೋಯಿತು... ಕತೆ ಕಳಿಸುವುದಿಲ್ಲ ಎಂದು ನಾನು ಹೇಳಿ ಎರಡು ವಾರವೂ ಆಗಿಲ್ಲ. ಇಷ್ಟು ಬೇಗ ಈ ಪುಸ್ತಕವೇ ಇಲ್ಲಿಗೆ ಬರಬೇಕೆ? ನನ್ನ ಕತೆಯ ಹಾಳೆಗಳೇ ಕೊಳೆಯಾಗಿರಬೇಕೆ? ಹೀಗೆ ಲೆಕ್ಕ ಹಾಕುವುದನ್ನು ನನಗೆ ಕಲಿಸಿದವರೇ ಅವರು.

"ಮಾವ, ಇದು ನಿಮ್ಮ ಕೈ ಕೆಲಸ ತಾನೆ?"

ಅವರು ತುಟಿಯಿಂದ ಸೂಜಿ ತೆಗೆದರು. ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಒರೆಸಿದರೆ ಹೋಗುವ ಬಣ್ಣ ಅದಲ್ಲ.

"ನಾ ಯೋಳುದ್ರೆ ನೀ ನಂಬಾಕಿಲ್ಲ ಕಣಮ್ಮಿ. ಲೈಬ್ರರೀಲಿ ರಿಜಿಸ್ಟರ್ ಅದೆ. ಯಾರ್ ತಕಂಡೋಗಿದ್ರು ಅಂತ ಬರ್ದವ್ರೆ. ಓಗಿ ನೋಡ್ಕ ಓಗು, ಅವ್ರನ್ನೇ ಕೇಳು."

ನಾನು ಅಲ್ಲಾಡಲಿಲ್ಲ. ಅವರು ಪುಸ್ತಕವನ್ನು ಮೆಷಿನ್ನಿಗೆ ಇಟ್ಟು, ಚಕ್ರ ಬಿಗಿ ಮಾಡಿ, ಹಿಡಿ ಎಳೆದರು. ಒಂದು ಬದಿ, ಇನ್ನೊಂದು ಬದಿ, ಕೊನೆಗೆ ಆ ಬದಿ. ಎಳೆ ಎಳೆಯಾಗಿ ಕಾಗದ ಕೆಳಗಿನ ರಾಶಿಗೆ ಬಿತ್ತು. ಕಪ್ಪು ತುದಿಯ ಏಳು ಎಳೆಗಳೂ ಅದರಲ್ಲೇ ಹೋದವು. ಅವರಿಗೆ ಸಿಟ್ಟು ಬಂದಿತ್ತು ಎನ್ನಲಾರೆ. ಅದು ಅವರ ದಿನದ ಕೆಲಸ.

"ಬಸ್ ಬತ್ತದೆ, ನಡಿ," ಎಂದರು.

ಗ್ರಂಥಾಲಯ ಆ ಓಣಿಯಿಂದ ನೂರು ಹೆಜ್ಜೆ. ನಾನು ಅತ್ತ ಹೋಗಲಿಲ್ಲ. ಬಸ್ಸಿಗೆ ತಡವಾಗುತ್ತದೆ ಎಂದುಕೊಂಡೆ. ಅದು ನಿಜವಲ್ಲ. ರಿಜಿಸ್ಟರಿನಲ್ಲಿ ಹೆಸರಿಲ್ಲದಿದ್ದರೆ ಎಂಬ ಹೆದರಿಕೆ ಒಂದು ಕಡೆ. ಹೆಸರಿದ್ದರೆ ಇನ್ನೊಂದು ಕತೆ ಬರೆಯಬೇಕಾಗುತ್ತಿತ್ತು, ಅದು ಕೈಗೆ ಬರದಿದ್ದರೆ ಎಂಬ ಹೆದರಿಕೆ ಇನ್ನೊಂದು ಕಡೆ. ಅನುಮಾನಪಟ್ಟುಕೊಂಡು ಮನೆಗೆ ಹೋಗುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಮರುದಿನದಿಂದ ಬಸ್ಸನ್ನು ನಿಲ್ದಾಣದಲ್ಲೇ ನಿಂತು ಕಾದೆ. ಕಾರ್ಡಿಗೆ ಉತ್ತರ ಬರೆಯಲಿಲ್ಲ. ನರ್ಸಿಂಗ್ ತರಬೇತಿಗೆ ಸೇರಿದೆ. ಅಲ್ಲಿಂದ ಮುಂದೆ ನಾನು ಬರೆದದ್ದೆಲ್ಲ ಜ್ವರ, ನಾಡಿ, ಕೊಟ್ಟ ಔಷಧಿ, ಕೊಟ್ಟ ವೇಳೆ.

ಎಷ್ಟೋ ವರ್ಷಗಳ ಮೇಲೆ ಯಳಂದೂರಿಗೇ ವರ್ಗವಾಯಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಓಣಿಗೆ ಹೋದೆ. ಅಂಗಡಿ ಇದ್ದಲ್ಲಿ ಜೆರಾಕ್ಸ್ ಮೆಷಿನ್ ಇತ್ತು. ಪಕ್ಕದ ಟೀ ಅಂಗಡಿಯವನು, "ತೀರೋಗಿ ಆರೇಳ್ ವರ್ಸ ಆಯ್ತು ಸಿಸ್ಟ್ರೆ," ಎಂದ. ಅಲ್ಲಿಂದ ಗ್ರಂಥಾಲಯಕ್ಕೆ ಹೋದೆ. ಹಳೆಯ ರಿಜಿಸ್ಟರ್‌ಗಳನ್ನು ಕಟ್ಟಡ ಬದಲಿಸುವಾಗ ರದ್ದಿಗೆ ಹಾಕಿದ್ದರು. ಆ ಕೊಳೆ ಮಾವ ಹಚ್ಚಿದ್ದೋ, ಯಾರೋ ಓದಿದ್ದೋ... ನನಗೆ ಇವತ್ತಿಗೂ ಗೊತ್ತಿಲ್ಲ.

"ಅಜ್ಜಿ, ಹೇಳಿ ಮತ್ತೆ," ಎಂದಳು ಚಂದನಾ.

"ಚಪ್ಪಲಿ ಹಾಕ್ಕೋ," ಎಂದೆ.

ನಾಲ್ಕು ಹೆಸರನ್ನೂ ವಿಳಾಸದೊಂದಿಗೆ ಚೀಟಿಯಲ್ಲಿ ಬರೆದುಕೊಂಡೆ. ಎಲ್ಲವೂ ಹತ್ತಿರದ ಬೀದಿಗಳು. ಮೊದಲ ಮನೆಗೆ ಬೀಗ. ಎರಡನೆಯ ಮನೆಯ ಹುಡುಗ ಪ್ರಾಜೆಕ್ಟಿಗೆಂದು ಒಯ್ದಿದ್ದನಂತೆ, ಮುಖಪುಟದ ಚಿತ್ರ ಬಿಡಿಸಿಕೊಂಡು ವಾಪಸು ಕೊಟ್ಟಿದ್ದ. ಮೂರನೆಯವರು ಮನೆ ಬದಲಿಸಿದ್ದರು. ಚಂದನಾ ನನ್ನ ಹಿಂದೆ ಬರುತ್ತಿದ್ದಳು, ಪ್ರತಿ ಮನೆಯ ನಂತರ ಒಂದು ಹೆಜ್ಜೆ ಇನ್ನೂ ಹಿಂದೆ. ನನಗೇ ಅನುಮಾನ ಶುರುವಾಯಿತು. ವಾಚನಾಲಯ ನಡೆಯುತ್ತಿದೆ ಎಂದು ತೋರಿಸಲು ಉಳಿದ ಹೆಸರುಗಳನ್ನು ಮಾದೇವಮ್ಮ ತಾನೇ ಬರೆದುಕೊಂಡಿರಬಹುದೆ? ಹೆಸರುಗಳು ನಿಜವೇ ಎಂದು ತನಿಖೆ ಮಾಡಲು ಹೊರಟು ಈ ಹುಡುಗಿಯನ್ನೇ ಕೆಡಿಸುತ್ತಿದ್ದೇನೆಯೆ?

ನಾಲ್ಕನೆಯ ಹೆಸರು ಹತ್ತನೆಯ ತರಗತಿಯ ಹುಡುಗಿಯದು. ಅವಳು ಒಳಗಿನಿಂದಲೇ, "ನಾನ್ ತಂದಿದ್ದಷ್ಟೇ ಆಂಟಿ, ಓದ್ಲಿಲ್ಲ," ಎಂದಳು. ಚಂದನಾ ತಿರುಗಿ ನಡೆಯಲು ಶುರು ಮಾಡಿದ್ದಳು.

ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದ ಅವಳ ತಾಯಿ ತಲೆಯೆತ್ತಿದಳು. "ಯಾವ್ದು, ಆ ಬೆಟ್ಟದ ಬಸ್ಸಿನ ಕತೆ ಇರ ಬುಕ್ಕಾ? ಅದ ನಾ ಓದ್ದೆ."

ಚಂದನಾ ನಿಂತಳು.

"ವರ್ಸಾ ವರ್ಸಾ ಮಾದಪ್ಪನ ಬೆಟ್ಟಕ್ಕೆ ನಡ್ಕಂಡೋಗ ಅಜ್ಜಿನ ಮೊಮ್ಮಗಳು ಬಸ್ಸಿಗೆ ಹತ್ತಿಸ್ತಾಳಲ್ಲ ಸಿಸ್ಟ್ರಮ್ಮ, ಅದು. ಆಯಮ್ಮ ಇಳಿಸ್ಬುಡು, ಇಳಿಸ್ಬುಡು ಅಂತಾಳೆ. ಅಲ್ಲಿಗೇ ನಿಲ್ಸ್‌ಬುಟ್ಟವ್ಳೆ, ಬರ್ದವ್ಳು."

"ನಾನೇ ಬರ್ದಿದ್ದು," ಎಂದಳು ಚಂದನಾ, ಸಣ್ಣ ದನಿಯಲ್ಲಿ.

ಆಕೆ ಇವಳನ್ನು ಕಾಲಿನಿಂದ ತಲೆವರೆಗೆ ನೋಡಿದಳು. "ನೀನಾ? ಸರಿ, ಯೋಳು. ಆಯಮ್ಮ ಇಳುದ್ಲಾ, ಇಲ್ವಾ?"

"ಅದು... ಓದೋರಿಗೆ ಬಿಟ್ಟಿದ್ದು ಆಂಟಿ."

"ನಂಗ್ಯಾಕವ್ವ ಬುಟ್ಟೆ? ನಾ ಹೂವ ಕಟ್ಟನಾ, ನಿನ್ ಕತೆ ಮುಗಿಸನಾ?" ಎಂದು ದಾರ ಬಿಗಿದಳು. ಆಮೇಲೆ, "ಅಜ್ಜಿ ಕಾಲ್ಗೆ ಎಣ್ಣೆ ತಿಕ್ಕೋದ ಬರ್ದಿದ್ದೀಯಲ್ಲ, ಅದ ಎಲ್ಡ್ ಸಲ ಓದ್ದೆ. ಕೊನೆ ಮಾತ್ರ ಸರ್ಯಾಗಿಲ್ಲ," ಎಂದಳು.

ವಾಪಸು ಬರುವ ದಾರಿಯಲ್ಲಿ ಚಂದನಾ ಬಾಯಿ ಮುಚ್ಚಲಿಲ್ಲ. ಆ ಆಂಟಿಗೆ ಕತೆ ಅರ್ಥವೇ ಆಗಿಲ್ಲ, ಕೊನೆ ಹಾಗೇ ಇರಬೇಕು, ಹಾಗಿದ್ದರೇ ಚೆಂದ. ಬೀದಿಯ ತುದಿಗೆ ಬರುವಷ್ಟರಲ್ಲಿ, ಇಳಿಸಿದ್ದರೂ ಏನೂ ಕೆಡುತ್ತಿರಲಿಲ್ಲ ಎಂದಳು. ಊಟಕ್ಕೆ ಮಾದೇವಮ್ಮ ತಂದಿದ್ದ ಉಪ್ಪಿಟ್ಟನ್ನು ಅರ್ಧ ಬಿಟ್ಟು ಫೋನು ಹಿಡಿದು ಕೂತಳು. ಹೊಸ ಕತೆಯ ಕೊನೆಯನ್ನು ಮೂರು ಸಲ ಅಳಿಸಿ ಬರೆದಳು. ಐದು ಗಂಟೆ ನಲವತ್ತು ನಿಮಿಷಕ್ಕೆ ಕಳಿಸಿದಳು. ಆರೂಕಾಲಿನ ಬಸ್ಸಿಗೆ ಓಡಿದಳು.

ಆ ಪ್ರಕಾಶಕರ ಮೇಲೆ ನನ್ನ ಅನುಮಾನ ಹೋಗಿಲ್ಲ. ಅವರು ಕತೆಯನ್ನು ಹಾಕುತ್ತಾರೋ, ಬರಿಯ ಪ್ರಮಾಣಪತ್ರ ಕಳಿಸುತ್ತಾರೋ ನೋಡಬೇಕು. ಆದರೆ ಮಾವನನ್ನು ನೆನೆದರೆ ಈಗ ತಿಳಿಯುತ್ತದೆ. ಯಾರನ್ನೂ ನಂಬದ ಆ ಮನುಷ್ಯ ಎದುರಿಗಿಟ್ಟು ಎಣಿಸದೆ ಯಾವ ಮಾತನ್ನೂ ಮುಗಿಸುತ್ತಿರಲಿಲ್ಲ. ನಾನು ಅವರ ಅನುಮಾನವನ್ನಷ್ಟೇ ಕಲಿತೆ, ಎಣಿಸಲು ಹೋಗಲಿಲ್ಲ. ಹಾಗಾಗಿ ಒಬ್ಬ ಓದುಗರನ್ನೋ, ಅಥವಾ ನನಗಾಗಿ ಏಳು ಹಾಳೆಗೆ ಬೆರಳು ತಿಕ್ಕಿದ ಒಬ್ಬರನ್ನೋ, ಯಾರನ್ನು ಎಂದು ತಿಳಿಯದೆಯೇ ಕಳೆದುಕೊಂಡೆ.

ಮಾದೇವಮ್ಮ ಕಿಟಕಿ ಮುಚ್ಚುತ್ತಿದ್ದಳು. ರಿಜಿಸ್ಟರ್ ತೆರೆದು, ಚಂದನಾಳ ಪುಸ್ತಕದ ಸಾಲಿನಲ್ಲಿ ನಾಲ್ಕನೆಯ ಹೆಸರಿನ ಮೇಲೆ, ಆಸ್ಪತ್ರೆಯಲ್ಲಿ ತಪ್ಪು ತಿದ್ದುತ್ತಿದ್ದ ಹಾಗೆ, ಓದಲು ಬರುವಂತೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ, ಓದಿದವರು: ತಾಯಿ, ಎಂದು ಬರೆದು ಸಹಿ ಮತ್ತು ವೇಳೆ ಹಾಕಿದೆ. ಸಂಜೆ ಆರು ಗಂಟೆ ಇಪ್ಪತ್ತೈದು ನಿಮಿಷ.